ಆಯಿಲ್‌ಗೆ ಇಳಿದ ಪೆಟ್ರೋಲು: 1965ರ ಬೀಟಲ್ ಕಾರಿನ ಒಂದು ಪ್ರಕರಣ ಅಧ್ಯಯನ

ಫೆಬ್ರವರಿಯ ಒಂದು ಸಂಜೆ ಹುಣಸೂರಿನಿಂದ ಮೈಸೂರಿಗೆ ಹಿಂತಿರುಗುವಾಗ, ಊರೊಳಗಿನ ಮೊದಲ ಸಿಗ್ನಲ್ಲಿನಲ್ಲಿ ನಿಂತ ಕೂಡಲೇ, ನನ್ನ 1965ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಸ್ಪೀಡೋಮೀಟರ್ ಒಳಗಿರುವ ಹಸಿರು ದೀಪ ಮಿಣುಕತೊಡಗಿತು. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದರೆ ಆರುತ್ತಿತ್ತು, ಕಾಲು ತೆಗೆದರೆ ಮತ್ತೆ ಹತ್ತುತ್ತಿತ್ತು. ಈ ಕಾರಿನಲ್ಲಿ ಕೆಂಪು ದೀಪ ಬ್ಯಾಟರಿಗೆ ವಿದ್ಯುತ್ ತುಂಬುವ ಡೈನಮೊಗೆ ಸೇರಿದ್ದು, ಹಸಿರು ದೀಪ ಆಯಿಲ್ ಒತ್ತಡಕ್ಕೆ ಸೇರಿದ್ದು. ಒತ್ತಡ 0.15ರಿಂದ 0.45 ಬಾರ್‌ನಷ್ಟು ಕೆಳಮಟ್ಟಕ್ಕೆ ಇಳಿದಾಗ ಮಾತ್ರ ಅದು ಹೊತ್ತಿಕೊಳ್ಳುವುದರಿಂದ, ಅದು ಹತ್ತಿದ ಮೇಲೆ ಯೋಚಿಸಲು ಹೆಚ್ಚು ಸಮಯವಿರುವುದಿಲ್ಲ. ಎಂಜಿನ್ ಆರಿಸಿ ಕಾರನ್ನು ಎಳೆಸಿಕೊಂಡು ಬರಬೇಕಿತ್ತು. ಮನೆ ಇನ್ನು ಎರಡೇ ಕಿಲೋಮೀಟರ್ ಎಂದು ನಾನು ಓಡಿಸಿಕೊಂಡೇ ಬಂದೆ.

ಮನೆಯ ಮುಂದಿನ ಸಮತಟ್ಟು ರಸ್ತೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ತಳ ಕಂಡಿರಬೇಕೆಂಬುದು ನನ್ನ ಊಹೆಯಾಗಿತ್ತು. ಆದರೆ ಮಟ್ಟವು ಮೇಲಿನ ಗೆರೆಯನ್ನು ದಾಟಿ ಅರ್ಧ ಬೆರಳಿನಷ್ಟು ಮೇಲೇರಿತ್ತು. ಕಡ್ಡಿಯ ತುದಿಯಿಂದ ಎಳೆಯಾಗಿ ಇಳಿಯಬೇಕಾಗಿದ್ದ ಆಯಿಲ್, ನೀರು ಮಜ್ಜಿಗೆಯಂತೆ ಟಪಟಪನೆ ತೊಟ್ಟಿಕ್ಕಿತು. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲಿನ ಘಾಟು. ಹಳೆಯ ದಿನಪತ್ರಿಕೆಯ ಅಂಚಿನ ಮೇಲೆ ಒಂದು ಹನಿ ಬಿಟ್ಟಾಗ, ನಡುವೆ ಕಪ್ಪು ಚುಕ್ಕೆಯೊಂದು ಉಳಿದು ಅದರ ಸುತ್ತ ತಿಳಿಯಾದ ಉಂಗುರವೊಂದು ಎರಡು ನಿಮಿಷದಲ್ಲಿ ರೂಪಾಯಿ ನಾಣ್ಯದ ಅಗಲಕ್ಕೆ ಹರಡಿತು. ಹೊಸ ಆಯಿಲ್‌ನ ಹನಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಅದು ಅಷ್ಟು ಹೊತ್ತಿನಲ್ಲಿ ಅದರ ಕಾಲು ಭಾಗದಷ್ಟೂ ಹರಡಿರಲಿಲ್ಲ. ನವೆಂಬರಿನಲ್ಲಿ ಆಯಿಲ್ ಬದಲಿಸಿದ ಮೇಲೆ ಕಾರು ಓಡಿದ್ದು 620 ಕಿಲೋಮೀಟರ್. ಅಷ್ಟರಲ್ಲಿ ಯಾರೂ ಒಂದು ಹನಿಯನ್ನೂ ಮೇಲೆ ಸುರಿದಿರಲಿಲ್ಲ.

ಗಾಳಿಯಿಂದ ತಣಿಯುವ ಎಂಜಿನ್ನಿನಲ್ಲಿ ಇದನ್ನು ಉಪೇಕ್ಷಿಸುವಂತಿಲ್ಲ. ಬೀಟಲ್‌ನ 1192 ಸಿಸಿ ಎಂಜಿನ್ನಿಗೆ ಹಿಡಿಸುವುದು ಕೇವಲ 2.5 ಲೀಟರ್ ಆಯಿಲ್. ಅದಕ್ಕೆ ಬಿಸಾಡುವ ಮಾದರಿಯ ಫಿಲ್ಟರ್ ಇಲ್ಲ. ತಳದಲ್ಲಿ ಒಂದು ತಂತಿಬಲೆಯ ಜಾಲರಿ ಇದೆ, ಅಷ್ಟೇ. ರೇಡಿಯೇಟರ್ ಮತ್ತು ನೀರು ಇಲ್ಲದ ಕಾರಣ, ಸಿಲಿಂಡರ್ ತಲೆಗಳ ಬಿಸಿಯ ಬಹುಭಾಗವನ್ನು ಫ್ಯಾನಿನ ಗಾಳಿ ಹೊತ್ತೊಯ್ದರೆ, ಬೇರಿಂಗು, ಪಿಸ್ಟನ್ನಿನ ಒಳಭಾಗ, ವಾಲ್ವ್ ಗೈಡುಗಳ ಬಿಸಿಯನ್ನು ಹೊತ್ತು ತಂದು ಫ್ಯಾನ್ ಕವಚದೊಳಗಿನ ಆಯಿಲ್ ಕೂಲರಿಗೆ ಒಪ್ಪಿಸುವ ಕೆಲಸ ಈ ಎರಡೂವರೆ ಲೀಟರಿನದೇ. ಅದರಲ್ಲಿ ಪೆಟ್ರೋಲ್ ಬೆರೆತರೆ ಜಾರಿಸುವ ಗುಣವೂ ತಗ್ಗುತ್ತದೆ, ಒತ್ತಡವೂ ಬೀಳುತ್ತದೆ. ಇದರ ಜೊತೆಗೆ ಬೆಂಕಿಯ ಭಯ ಬೇರೆ: ಈ ಎಂಜಿನ್ನಿನ ಕ್ರ್ಯಾಂಕ್‌ಕೇಸ್, ಅಂದರೆ ಆಯಿಲ್ ನಿಲ್ಲುವ ಹೊರಕವಚ, ಮೆಗ್ನೀಸಿಯಂ ಮಿಶ್ರಲೋಹದ್ದು, ಒಮ್ಮೆ ಹತ್ತಿಕೊಂಡರೆ ನೀರು ಹಾಕಿ ಆರಿಸುವಂಥದಲ್ಲ.

ಮೊದಲ ಮೂರು ಚಿಕಿತ್ಸೆಗಳು

ಈ ಸಂಜೆಗೆ ಮುಂಚಿನ ಎರಡು ತಿಂಗಳಲ್ಲಿ ಕಾರು ಮೂರು ಬಾರಿ ಗ್ಯಾರೇಜಿಗೆ ಹೋಗಿ ಬಂದಿತ್ತು. ಆ ಮೂರೂ ಭೇಟಿಗಳನ್ನು ಇಲ್ಲಿ ಬರೆಯುವುದು ಯಾರನ್ನೂ ದೂರುವುದಕ್ಕಲ್ಲ. ಒಂದೇ ದೋಷ ಮೂರು ವೇಷದಲ್ಲಿ ಬಂದಾಗ ಅದನ್ನು ಮೂರು ಬೇರೆ ಬೇರೆ ದೋಷಗಳೆಂದು ತಿಳಿಯುವುದು ಎಷ್ಟು ಸಹಜವೆಂಬುದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ, ಮತ್ತು ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಡಿಸೆಂಬರಿನಲ್ಲಿ ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತಿತ್ತು, ಲೀಟರಿಗೆ 13 ಕಿಲೋಮೀಟರ್ ಕೊಡುತ್ತಿದ್ದ ಕಾರು 10ಕ್ಕೆ ಇಳಿದಿತ್ತು. ಪ್ಲಗ್ಗುಗಳನ್ನು ಬಿಚ್ಚಿದರೆ ನಾಲ್ಕೂ ಮಸಿಯಂತೆ ಕಪ್ಪಾಗಿದ್ದವು. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಂದು ನಿರ್ಧರಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಸೋಲೆಕ್ಸ್ 28 ಪಿಕ್ಟ್ ಕಾರ್ಬೊರೇಟರನ್ನು ಬಿಚ್ಚಿ ತೊಳೆದು, ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳಾದ ಜೆಟ್ಟುಗಳಿಗೆ ಗಾಳಿ ಹೊಡೆದು, ಪೆಟ್ರೋಲ್ ಒಳಬರುವ ಬಾಯಿಯನ್ನು ಮುಚ್ಚುವ ನೀಡಲ್ ವಾಲ್ವನ್ನು ಹೊಸದಾಗಿ ಹಾಕಿಕೊಟ್ಟರು. ಒಂದು ವಾರ ಸುಧಾರಿಸಿದಂತೆ ಕಂಡಿತು. ಆಮೇಲೆ ಹೊಗೆ ಮರಳಿತು.

ಜನವರಿಯಲ್ಲಿ ಕ್ರ್ಯಾಂಕ್ ಪುಲ್ಲಿಯ ಹಿಂದಿನಿಂದ ಆಯಿಲ್ ಸಿಡಿದು ಫ್ಯಾನ್ ಬೆಲ್ಟು ಮತ್ತು ಸುತ್ತಲಿನ ತಗಡುಗಳೆಲ್ಲ ಜಿಡ್ಡಾದವು. ಪುಲ್ಲಿಯ ಆಯಿಲ್ ಸೀಲ್ ಹೋಗಿದೆ, ಎಂಜಿನ್ ಇಳಿಸಿ ಬದಲಿಸಬೇಕು ಎಂದು ಇನ್ನೊಂದು ಗ್ಯಾರೇಜಿನಲ್ಲಿ ಅಂದಾಜು ಪಟ್ಟಿ ಬರೆದುಕೊಟ್ಟರು. ಸೋಜಿಗವೆಂದರೆ ಈ ಎಂಜಿನ್ನಿನ ಪುಲ್ಲಿಯ ಬದಿಯಲ್ಲಿ ಸೀಲೇ ಇಲ್ಲ. ಪುಲ್ಲಿಯ ಕತ್ತಿನ ಮೇಲೆ ತಿರುಪಿನಂತೆ ಕೊರೆದ ಒಂದು ತೋಡು ಇದ್ದು, ಪುಲ್ಲಿ ತಿರುಗುವಾಗ ಹೊರಬರಲು ನೋಡುವ ಆಯಿಲ್ಲನ್ನು ಅದೇ ಒಳಕ್ಕೆ ತಿರುಗಿಸಿ ಕಳುಹಿಸುತ್ತದೆ. ಅಲ್ಲಿಂದ ಆಯಿಲ್ ಸಿಡಿಯುತ್ತಿದ್ದರೆ ಒಳಗಿನ ಮಟ್ಟ ಅಥವಾ ಒಳಗಿನ ಗಾಳಿಯ ಒತ್ತಡ ಮಿತಿಮೀರಿದೆ ಎಂದು ಅರ್ಥ. ಇಲ್ಲದ ಸೀಲಿಗೆ ಹಣ ಕೊಡದೆ ಬಂದೆನಾದರೂ, ಅಂದೇ ಡಿಪ್‌ಸ್ಟಿಕ್ ಎಳೆದು ನೋಡುವ ಬುದ್ಧಿ ನನಗೆ ಬರಲಿಲ್ಲ.

ಮೂರನೆಯದು ಫೆಬ್ರವರಿಯ ಮೊದಲ ವಾರದ್ದು. ಹಸಿರು ದೀಪ ಒಂದೆರಡು ಸಲ ಮಿಂಚಿದಂತಾಯಿತು ಎಂದಾಗ, “ಥಿಕ್ ಆಯಿಲ್ ಹಾಕಿಬಿಡಿ ಸರ್, ದೀಪ ಆರಿಹೋಗುತ್ತೆ” ಎಂಬ ಸಲಹೆ ಬಂತು. ದಪ್ಪ ಆಯಿಲ್ ಹಾಕಿದ್ದರೆ ದೀಪ ಆರಿಹೋಗುತ್ತಿತ್ತು ಎಂಬುದು ನಿಜವೇ. ಪೆಟ್ರೋಲ್ ಮಾತ್ರ ತನ್ನ ಪಾಡಿಗೆ ತಾನು ಇಳಿಯುತ್ತಲೇ ಇರುತ್ತಿತ್ತು.

ಪೆಟ್ರೋಲಿಗೆ ಇರುವ ದಾರಿಗಳು

ಬೀಟಲ್‌ನ 40 ಲೀಟರ್ ಟ್ಯಾಂಕು ಮುಂಭಾಗದಲ್ಲಿದೆ, ಎಂಜಿನ್ ಹಿಂಭಾಗದಲ್ಲಿದೆ. ಕಾರಿನ ನಡುವಿನ ಸುರಂಗದಲ್ಲಿ ಹಾದು ಬರುವ ಲೋಹದ ಕೊಳವೆಯ ಮೂಲಕ ಪೆಟ್ರೋಲ್ ಹಿಂದಕ್ಕೆ ಬಂದು, ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಕ್ರ್ಯಾಂಕ್‌ಕೇಸಿನ ಮೇಲೆ ಕುಳಿತ ಪಂಪಿಗೆ ಸೇರುತ್ತದೆ. ಅಂಬಾಸಿಡರ್, ಫಿಯೆಟ್ ಕಾಲದಿಂದಲೂ ನಮ್ಮ ಮೆಕ್ಯಾನಿಕ್ಕುಗಳು ಇದನ್ನು ಎ.ಸಿ. ಪಂಪ್ ಎಂದೇ ಕರೆಯುತ್ತಾರೆ. ಹವಾನಿಯಂತ್ರಣಕ್ಕೂ ಇದಕ್ಕೂ ಸಂಬಂಧವಿಲ್ಲ. ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ದಂಡದ ಮೇಲೆಯೇ ಒಂದು ಉಬ್ಬು ಇದೆ. ಆ ಉಬ್ಬು ಉಕ್ಕಿನ ರಾಡೊಂದನ್ನು ಮೇಲಕ್ಕೆ ತಳ್ಳುತ್ತದೆ, ರಾಡು ಪಂಪಿನ ಲಿವರನ್ನು ಎತ್ತುತ್ತದೆ, ಲಿವರು ಡಯಾಫ್ರಾಮನ್ನು ಕೆಳಕ್ಕೆ ಎಳೆಯುತ್ತದೆ. ಎಳೆತ ಬಿಟ್ಟೊಡನೆ ಸ್ಪ್ರಿಂಗು ಡಯಾಫ್ರಾಮನ್ನು ಮೇಲಕ್ಕೆ ಒತ್ತಿ ಪೆಟ್ರೋಲನ್ನು ಕಾರ್ಬೊರೇಟರಿಗೆ ದೂಡುತ್ತದೆ. ಡಯಾಫ್ರಾಮಿನ ಮೇಲೆ ಪೆಟ್ರೋಲ್, ಕೆಳಗೆ ರಾಡಿನ ರಂಧ್ರ, ಅದರ ಕೆಳಗೆ ನೇರವಾಗಿ ಎಂಜಿನ್ ಆಯಿಲ್. ನಡುವೆ ಇರುವುದು ತೆಳುವಾದ ರಬ್ಬರು ಬಟ್ಟೆ ಮಾತ್ರ.

ಆದ್ದರಿಂದ ಹರಿದ ಡಯಾಫ್ರಾಮ್ ಮೊದಲ ಶಂಕಿತ. ಎರಡನೆಯದು ಕಾರ್ಬೊರೇಟರಿನ ನೀಡಲ್ ವಾಲ್ವ್: ಅದು ಸರಿಯಾಗಿ ಮುಚ್ಚದಿದ್ದರೆ ಪೆಟ್ರೋಲ್ ಫ್ಲೋಟ್ ಕೋಣೆಯಿಂದ ಉಕ್ಕಿ, ಮ್ಯಾನಿಫೋಲ್ಡಿನ ಮೂಲಕ ತೆರೆದಿರುವ ವಾಲ್ವಿನ ಸಿಲಿಂಡರಿಗೆ ಇಳಿದು, ರಿಂಗುಗಳ ಸಂದಿಯಿಂದ ತಳ ಸೇರುತ್ತದೆ. ಕಾರು ಮೂತಿ ಮೇಲಾಗಿ ನಿಂತಿದ್ದರೆ ಟ್ಯಾಂಕು ಕಾರ್ಬೊರೇಟರಿಗಿಂತ ಎತ್ತರವಾಗುವುದರಿಂದ, ಎಂಜಿನ್ ಆರಿದ್ದಾಗಲೂ ಇದು ನಡೆಯಬಹುದು. ನನ್ನ ಮನೆಯ ಪೋರ್ಟಿಕೋ ಚಿಕ್ಕದು. ಕಾರಿನ ಹಿಂದಿನ ಚಕ್ರಗಳು ಸದಾ ಇಳಿಜಾರಿನ ಮೇಲೆಯೇ ಉಳಿಯುತ್ತವೆ. ಹಾಗಾಗಿ ಈ ಶಂಕೆಗೆ ಬಲವಿತ್ತು. ಮೂರನೆಯದು, ತಣ್ಣನೆಯ ಎಂಜಿನ್ ಹಚ್ಚುವಾಗ ಗಾಳಿಯನ್ನು ತಗ್ಗಿಸುವ ಆಟೊಮ್ಯಾಟಿಕ್ ಚೋಕ್ ಮುಚ್ಚಿಯೇ ಉಳಿದು, ಹೆಚ್ಚುವರಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ಲನ್ನು ತೊಳೆದು ಕೆಳಗಿಳಿಯುವುದು. ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಇದು ನಿಧಾನವಾಗಿ ಆಗುತ್ತಲೇ ಇರುತ್ತದೆ.

ಪರೀಕ್ಷೆಗಳು

ಪರೀಕ್ಷೆಯಲ್ಲಿ ನನ್ನ ಜೊತೆ ನಿಂತವರು ಎಪ್ಪತ್ತು ದಾಟಿದ ಒಬ್ಬ ಮೆಕ್ಯಾನಿಕ್. ಕೆಲಸದಿಂದ ನಿವೃತ್ತರಾದರೂ ಗಾಳಿ ತಣಿಸುವ ಎಂಜಿನ್ ಎಂದರೆ ಬರುತ್ತಾರೆ. ನಾನು ಪಾಠ ಹೇಳಿದವನಾದ್ದರಿಂದ ಅವರಿಗೆ ನಾನು ಮೇಷ್ಟ್ರು, ನನಗೆ ಅವರು ಭಾಯ್. ಬಂದವರೇ ಮೊದಲು ಮಾಡಿದ ಕೆಲಸವೆಂದರೆ ಶೆಡ್ಡಿನ ಮೂಲೆಯ ದೇವರ ಪಟದ ಮುಂದೆ ಹೊಗೆಯಾಡುತ್ತಿದ್ದ ಊದುಬತ್ತಿಯನ್ನು ತೋರಿಸಿ, “ಅದನ್ನ ಒಳಗೆ ತಗೊಂಡು ಹೋಗಿ ಮೇಷ್ಟ್ರೇ, ಇಲ್ಲಿ ಬೇಡ” ಎಂದದ್ದು. ಆಮೇಲೆ ಹಿಂದಿನ ಸೀಟು ಎತ್ತಿ ಬ್ಯಾಟರಿಯ ವೈರ್ ಬಿಚ್ಚಿಟ್ಟರು.

ಇದ್ದ ಆಯಿಲ್ಲನ್ನು ಇಳಿಸಿ ಅಳತೆಯ ಜಗ್ಗಿನಲ್ಲಿ ನೋಡಿದಾಗ 3.3 ಲೀಟರ್ ಬಂತು. ನವೆಂಬರಿನಲ್ಲಿ ಹಾಕಿದ್ದು 2.5. ಪುಲ್ಲಿಯಿಂದ ಸಿಡಿದು ಹೋದದ್ದನ್ನು ಲೆಕ್ಕಕ್ಕೆ ಹಿಡಿದರೆ ಬೆರೆತ ಪೆಟ್ರೋಲ್ 0.8 ಲೀಟರಿಗಿಂತ ಹೆಚ್ಚೇ ಇರಬೇಕು. ಜಾಲರಿಯಲ್ಲಿ ಲೋಹದ ಚೂರುಗಳಿರಲಿಲ್ಲ; ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಮಾತ್ರ ಸಣ್ಣ ಮಿನುಗು ಕಾಣುತ್ತಿತ್ತು. ಪರೀಕ್ಷೆಗೆಂದು ಅಗ್ಗದ ಆಯಿಲ್ ತುಂಬಿ, ಚೋಕ್‌ನಿಂದ ಆರಂಭಿಸಿದೆವು. ಏರ್ ಕ್ಲೀನರ್ ತೆಗೆದು ತಣ್ಣನೆಯ ಎಂಜಿನ್ ಹಚ್ಚಿದರೆ ನಾಲ್ಕು ನಿಮಿಷದೊಳಗೆ ಚೋಕ್ ತಗಡು ನೆಟ್ಟಗೆ ನಿಂತಿತು. ಹೀಗಾಗಿ ಮೂರನೆಯ ಶಂಕೆ ಅಲ್ಲಿಗೇ ಮುಗಿಯಿತು.

ಇಳಿಜಾರಿನ ಶಂಕೆಗೆ ಒಂದು ದಾರದ ತುಂಡು ಸಾಕಾಯಿತು. ರಾತ್ರಿ ಎಂಜಿನ್ ತಣಿದ ಮೇಲೆ, ಕಾರನ್ನು ಎಂದಿನಂತೆ ಮೂತಿ ಮೇಲಾಗಿಸಿ ನಿಲ್ಲಿಸಿ, ಡಿಪ್‌ಸ್ಟಿಕ್ಕಿನ ಮೇಲೆ ಆಯಿಲ್ ಮುಟ್ಟಿದ ಜಾಗಕ್ಕೆ ಬಿಗಿಯಾಗಿ ದಾರ ಕಟ್ಟಿದೆ. ಬೆಳಿಗ್ಗೆ ಕಾರನ್ನು ಅಲುಗಿಸದೆ ನೋಡಿದರೆ ಮಟ್ಟ ದಾರದಲ್ಲೇ ಇತ್ತು. ಮೂರು ರಾತ್ರಿ ಹೀಗೇ ನಡೆಯಿತು. ಆದರೆ ಹಗಲಿನಲ್ಲಿ 40 ಕಿಲೋಮೀಟರ್ ಓಡಿಸಿ ಬಂದ ದಿನ ಮಟ್ಟ ದಾರಕ್ಕಿಂತ ಎರಡು ಮಿಲಿಮೀಟರ್ ಮೇಲಿತ್ತು. ಪೆಟ್ರೋಲ್ ಇಳಿಯುವುದು ಎಂಜಿನ್ ಓಡುವಾಗಲೇ ಎಂಬುದು ಇದರಿಂದ ಖಚಿತವಾಯಿತು.

ಉಳಿದದ್ದು ಕಪ್ಪು ಪ್ಲಗ್ಗುಗಳ ಪ್ರಶ್ನೆ. ಪಂಪು ಮಾತ್ರ ಕೆಟ್ಟಿದ್ದರೆ ಪೆಟ್ರೋಲ್ ಆಯಿಲ್‌ಗೆ ಹೋಗಬೇಕೇ ಹೊರತು ಪ್ಲಗ್ಗುಗಳು ಏಕೆ ಕಪ್ಪಾಗಬೇಕು? ಡಿಸೆಂಬರಿನಲ್ಲಿ ಎಲ್ಲರೂ ಕಾರ್ಬೊರೇಟರಿನ ಹಿಂದೆ ಬಿದ್ದದ್ದು ಈ ತರ್ಕದಿಂದಲೇ. ಇದಕ್ಕೆ ಉತ್ತರ ಸಿಕ್ಕಿದ್ದು ಬೆರಳು ಗಾತ್ರದ ಒಂದು ರಬ್ಬರ್ ಹೋಸಿನಲ್ಲಿ. ಆಯಿಲ್ ತುಂಬುವ ಬಾಯಿಯ ಪಕ್ಕದಿಂದ ಹೊರಟ ಈ ಬ್ರೀದರ್ ಹೋಸು ಏರ್ ಕ್ಲೀನರಿಗೆ ಸೇರುತ್ತದೆ. ಕ್ರ್ಯಾಂಕ್‌ಕೇಸಿನ ಆವಿ ಹೊರಗೆ ಹೋಗದೆ ಎಂಜಿನ್ನಿನಲ್ಲೇ ಉರಿದುಹೋಗಲಿ ಎಂಬ ಏರ್ಪಾಡು ಅದು. ಆಯಿಲ್‌ನಲ್ಲಿ ಪೆಟ್ರೋಲ್ ಬೆರೆತು ಬಿಸಿಯಾದಾಗ ಎದ್ದ ಆವಿಯೂ ಅದೇ ದಾರಿಯಲ್ಲಿ ಕಾರ್ಬೊರೇಟರಿನ ಬಾಯಿಗೆ ಬಂದು ಬೀಳುತ್ತದೆ. ಜೆಟ್ಟುಗಳು ತಮ್ಮ ಪಾಲಿನ ಪೆಟ್ರೋಲನ್ನು ಸರಿಯಾಗಿಯೇ ಕೊಡುತ್ತಿರುವಾಗ ಇನ್ನೊಂದು ಪಾಲು ಹಿತ್ತಿಲ ಬಾಗಿಲಿನಿಂದ ಬರುತ್ತಿರುತ್ತದೆ. ಎಂಜಿನ್ನನ್ನು ಚೆನ್ನಾಗಿ ಬಿಸಿ ಮಾಡಿ, ಐಡ್ಲಿಂಗಿನಲ್ಲಿ ಕುಂಟುತ್ತಿರುವಾಗ ಭಾಯ್ ಆ ಹೋಸನ್ನು ಏರ್ ಕ್ಲೀನರಿನಿಂದ ಕಿತ್ತು ದೂರ ಹಿಡಿದರು. ಹತ್ತು ಎಣಿಸುವುದರೊಳಗೆ ಎಂಜಿನ್ನಿನ ಕುಂಟು ನಿಂತು ವೇಗ ಸ್ವಲ್ಪ ಏರಿತು, ಹೊಗೆ ತೆಳುವಾಯಿತು. ಮತ್ತೆ ಸಿಕ್ಕಿಸಿದರೆ ಮತ್ತೆ ಕುಂಟು. ಮೂರು ಸಲ ಹಾಗೆ ಮಾಡಿ ತೋರಿಸಿದರು. ಡಿಸೆಂಬರಿನ ಸರ್ವಿಸ್ ಒಂದೇ ವಾರ ಫಲ ಕೊಟ್ಟದ್ದರ ಗುಟ್ಟೂ ಇದೇ ಇರಬೇಕು: ಅದೇ ವಾರ ನಾನು ಮಡಿಕೇರಿಗೆ ಹೋಗಿ ಬಂದಿದ್ದೆ, ದೀರ್ಘ ಓಟದ ಬಿಸಿಗೆ ಅಷ್ಟು ಹೊತ್ತಿಗೆ ಸೇರಿದ್ದ ಪೆಟ್ರೋಲಿನ ಬಹುಭಾಗ ಆವಿಯಾಗಿ ಹೋಗಿತ್ತು.

ನೀಡಲ್ ವಾಲ್ವನ್ನೂ ಬಿಡಲಿಲ್ಲ. ಕಾರ್ಬೊರೇಟರಿನ ಮೇಲ್ಮುಚ್ಚಳ ತೆಗೆದು, ಫ್ಲೋಟನ್ನು ಮೇಲಕ್ಕೆ ಒತ್ತಿ ಹಿಡಿದು, ಒಂದು ಮೀಟರ್ ಎತ್ತರದಲ್ಲಿ ತೂಗಿಸಿದ ಬಾಟಲಿಯಿಂದ ಪೆಟ್ರೋಲ್ ಬಿಟ್ಟಾಗ ಒಂದು ಹನಿಯೂ ಜಿನುಗಲಿಲ್ಲ. ಆದರೆ ಒಂದು ಮೀಟರ್ ಪೆಟ್ರೋಲ್ ಕಂಬದ ಒತ್ತಡ ಸುಮಾರು 1 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮಾತ್ರ. ಪಂಪು ಕೊಡುವ ಒತ್ತಡ ಎಷ್ಟೆಂದು ನೋಡಲು ಪಂಪಿಗೂ ಕಾರ್ಬೊರೇಟರಿಗೂ ನಡುವೆ ಮೀಟರ್ ಸಿಕ್ಕಿಸಿದರೆ ಮುಳ್ಳು 5.5 ಪಿಎಸ್‌ಐಗೆ ಹೋಗಿ ನಿಂತಿತು. ಈ ಕಾರ್ಬೊರೇಟರಿಗೆ 3ರ ಆಸುಪಾಸಿನಲ್ಲಿದ್ದರೆ ಸಾಕು. ಹರಿದ ಡಯಾಫ್ರಾಮಿನ ಪಂಪು ಒತ್ತಡ ಕಡಿಮೆ ಕೊಡಬೇಕು. ಇದು ಹೆಚ್ಚು ಕೊಡುತ್ತಿದೆ. ಈ ವಿರೋಧಾಭಾಸವೇ ಮುಂದೆ ಮೂಲ ಕಾರಣಕ್ಕೆ ದಾರಿ ತೋರಿಸಿತು.

ಪಂಪನ್ನು ಬಿಚ್ಚಿದಾಗ

13ರ ಸ್ಪಾನರಿನಲ್ಲಿ ಎರಡು ನಟ್ಟು ಬಿಚ್ಚಿದರೆ ಪಂಪು ಕೈಗೆ ಬರುತ್ತದೆ. ತಳಭಾಗದ ಗ್ರೀಸು ಒದ್ದೆಯಾಗಿ, ಕರಗಿದ ಬೆಣ್ಣೆಯ ಹಾಗೆ ಹರಿಯುತ್ತಿತ್ತು. ಗ್ರೀಸನ್ನೆಲ್ಲ ಒರೆಸಿ, ಒಳಹರಿವಿನ ಮೂತಿಗೆ ಒಂದು ಮೀಟರ್ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಹೊರಹರಿವನ್ನು ಮುಚ್ಚಿ, ಪೆಟ್ರೋಲ್ ತುಂಬಿಸಿ, ಪಂಪನ್ನು ಬಿಳಿ ಕಾಗದದ ಮೇಲೆ ಎರಡು ಮರದ ತುಂಡುಗಳ ನಡುವೆ ನಿಲ್ಲಿಸಿದೆವು. ಅಂಗಳದಲ್ಲಿ, ನೆರಳಿನಲ್ಲಿ, ಒಂದು ಗಂಟೆ ಕಾದರೂ ಕಾಗದ ಒಣಗಿಯೇ ಇತ್ತು. ನಾನು ಪಂಪನ್ನು ನಿರ್ದೋಷಿ ಎಂದು ಬಿಟ್ಟುಬಿಡುವವನಿದ್ದೆ. ಭಾಯ್ ಏನೂ ಹೇಳದೆ ಕುಳಿತು, ಹೆಬ್ಬೆರಳಿನಿಂದ ಲಿವರನ್ನು ಒತ್ತಿ ಬಿಡಲು, ಒತ್ತಿ ಬಿಡಲು ಆರಂಭಿಸಿದರು. ಹನ್ನೆರಡನೆಯದೋ ಹದಿಮೂರನೆಯದೋ ಒತ್ತಿಗೆ ತಳದ ಅಂಚಿನಲ್ಲಿ ಒಂದು ಹನಿ ಮೂಡಿ, ಹೊಳೆದು, ಕಾಗದದ ಮೇಲೆ ಬಿತ್ತು. ಆಮೇಲೆ ಎರಡು ಮೂರು ಒತ್ತಿಗೊಂದು ಹನಿ. ಕೈ ನಿಲ್ಲಿಸಿದರೆ ಹನಿಯೂ ನಿಂತಿತು.

ಮೇಲಿನ ಸ್ಕ್ರೂಗಳನ್ನು ತೆಗೆದು ಡಯಾಫ್ರಾಮನ್ನು ಹೊರಗೆಳೆದಾಗ ಮೊದಲ ನೋಟಕ್ಕೆ ಅದು ಸರಿಯಾಗಿಯೇ ಕಂಡಿತು. ನಡುವಿನ ಲೋಹದ ಬಿಲ್ಲೆಯ ಅಂಚಿಗೆ ಅಂಟಿಕೊಂಡಂತೆ, ಬೆರಳ ಉಗುರಿನ ಅರ್ಧದಷ್ಟು ಉದ್ದದ, ಕಮಾನಿನಾಕಾರದ ಒಂದು ಸೀಳು ಇತ್ತು. ಡಯಾಫ್ರಾಮ್ ವಿಶ್ರಾಂತಿಯಲ್ಲಿದ್ದಾಗ ಅದರ ಎರಡು ಅಂಚುಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು, ಕೆಳಕ್ಕೆ ಎಳೆದಾಗ ತುಟಿ ಬಿಚ್ಚುತ್ತಿದ್ದವು. ರಾತ್ರಿಯಿಡೀ ಇಳಿಜಾರಿನಲ್ಲಿ ನಿಂತರೂ ಮಟ್ಟ ಏರದಿದ್ದುದಕ್ಕೆ, ಓಡಿದ ದಿನ ಮಾತ್ರ ಏರಿದ್ದಕ್ಕೆ, ಒಂದು ಗಂಟೆ ಕಾಗದ ಒಣಗಿದ್ದುದಕ್ಕೆ ಎಲ್ಲಕ್ಕೂ ಇದೇ ಸಮಾಧಾನ. ಸೀಳು ಚಿಕ್ಕದಾಗಿ, ಸ್ಪ್ರಿಂಗು ಒತ್ತುವ ಹೊತ್ತಿಗೆ ಕೂಡಿಕೊಳ್ಳುತ್ತಿದ್ದುದರಿಂದಲೇ ಪಂಪು ಒತ್ತಡವನ್ನು ಕಳೆದುಕೊಂಡಿರಲಿಲ್ಲ.

ಹರಿದದ್ದೇಕೆ ಎಂಬ ಪ್ರಶ್ನೆಗೆ ಸಿದ್ಧ ಉತ್ತರವೊಂದು ಎಲ್ಲರ ಬಾಯಲ್ಲಿದೆ: ಎಥನಾಲ್. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಬಿಡುಗಡೆ ಮಾಡಿದಾಗ, ಅದು ಸಿಗುತ್ತಿದ್ದದ್ದು 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ. ಈಗ ಬೇರೆ ಪೆಟ್ರೋಲ್ ಹುಡುಕಿದರೂ ಸಿಗುವುದು ಕಷ್ಟ. ನನ್ನ ಟ್ಯಾಂಕಿನಲ್ಲಿ ಏನಿದೆ ಎಂದು ನೋಡಲು ಅಳತೆಯ ಗಾಜಿನ ಕೊಳವೆಯಲ್ಲಿ 90 ಮಿಲಿಲೀಟರ್ ಪೆಟ್ರೋಲಿಗೆ 10 ಮಿಲಿಲೀಟರ್ ನೀರು ಬೆರೆಸಿ ಕುಲುಕಿಟ್ಟೆ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರುವುದರಿಂದ ಕೆಳಗಿನ ಪದರ 26 ಮಿಲಿಲೀಟರಿಗೆ ಬೆಳೆದಿತ್ತು. ಅರವತ್ತರ ದಶಕದ ರಬ್ಬರು ಇದಕ್ಕೆಂದು ತಯಾರಾದದ್ದಲ್ಲ. ಎಥನಾಲ್‌ನಲ್ಲಿ ಅದು ಉಬ್ಬುತ್ತದೆ, ಒಣಗಿದಾಗ ಬಿರುಸಾಗುತ್ತದೆ. ನಾನೂ ಅಲ್ಲಿಗೇ ಕೈ ತೊಳೆದುಕೊಂಡು, ಹೊಸ ಡಯಾಫ್ರಾಮ್ ಹಾಕಿ ಮುಗಿಸುತ್ತಿದ್ದೆನೋ ಏನೋ. ಆದರೆ ರಬ್ಬರು ಕೆಟ್ಟಿದ್ದರೆ ಎಲ್ಲೆಡೆ ಬಿರುಕು ಬಿಡಬೇಕಿತ್ತು, ಇಲ್ಲಿ ಎಳೆತ ಅತಿ ಹೆಚ್ಚಿರುವ ಒಂದೇ ಅಂಚಿನಲ್ಲಿ ಸೀಳಿತ್ತು. ಜೊತೆಗೆ 5.5 ಪಿಎಸ್‌ಐಗೆ ಎಥನಾಲ್ ಹೊಣೆಯಾಗಲಾರದು.

ಅಳತೆ ಹೇಳಿದ್ದು

ಮೊದಲ ಜರ್ಮನ್ ಕಾರ್ಖಾನೆಯ ಶಿಲಾನ್ಯಾಸವಾದ 1938ರಿಂದ ಕೊನೆಯ ಕಾರು ಮೆಕ್ಸಿಕೋದ ಪುಯೆಬ್ಲಾದಲ್ಲಿ ಹೊರಬಂದ 2003ರ ಜುಲೈ 30ರವರೆಗೆ ಈ ಮಾದರಿಯ 2,15,29,464 ಕಾರುಗಳು ತಯಾರಾದವು. ಹಳೆಯ ಕಾರು ಇಟ್ಟುಕೊಂಡವರಿಗೆ ಇದು ವರವೂ ಹೌದು, ತೊಡಕೂ ಹೌದು: ಬಿಡಿಭಾಗ ಇಂದಿಗೂ ಸಿಗುತ್ತದೆ, ಆದರೆ ಒಂದು ಕಾಲದ ಭಾಗ ಇನ್ನೊಂದು ಕಾಲದ ಎಂಜಿನ್ನಿನ ಮೇಲೆ ಯಾವ ತಕರಾರೂ ಇಲ್ಲದೆ ಕುಳಿತುಬಿಡುತ್ತದೆ. ಎಪ್ಪತ್ತರ ದಶಕದಲ್ಲಿ ಡೈನಮೊ ಹೋಗಿ ಆಲ್ಟರ್ನೇಟರ್ ಬಂದಾಗ ಪಂಪಿನ ಆಕಾರ ಬದಲಾಯಿತು, ಅದನ್ನು ತಳ್ಳುವ ರಾಡು 108 ಮಿಲಿಮೀಟರಿನಿಂದ 100ಕ್ಕೆ ಇಳಿಯಿತು. ನನ್ನ ಮೊದಲ ಗುಮಾನಿ ಈ ಅದಲುಬದಲಿನ ಮೇಲಿತ್ತು. ಪಂಪು ಡೈನಮೊ ಕಾಲದ್ದೇ. ರಾಡನ್ನು ವರ್ನಿಯರ್‌ನಲ್ಲಿ ಅಳೆದರೆ 107.9. ಎರಡೂ ಸರಿಯಿದ್ದವು.

ಹಾಗಾದರೆ ರಾಡು ಎಷ್ಟು ಎತ್ತರಕ್ಕೆ ಬರುತ್ತಿದೆ? ಕ್ರ್ಯಾಂಕ್‌ಕೇಸಿಗೂ ಪಂಪಿಗೂ ನಡುವೆ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಕಪ್ಪು ತುಂಡು, ಅದರ ಕೆಳಗೂ ಮೇಲೂ ಕಾಗದದ ಪ್ಯಾಕಿಂಗುಗಳು ಇರಬೇಕು. ಪಂಪಿನ ಒತ್ತಡವನ್ನು ಹೊಂದಿಸುವುದೇ ಈ ಪ್ಯಾಕಿಂಗುಗಳ ದಪ್ಪದಿಂದ: ದಪ್ಪ ಹೆಚ್ಚಿದರೆ ರಾಡು ಲಿವರನ್ನು ಕಡಿಮೆ ತಳ್ಳುತ್ತದೆ, ಸ್ಪ್ರಿಂಗು ಕಡಿಮೆ ಅದುಮುತ್ತದೆ, ಒತ್ತಡ ಇಳಿಯುತ್ತದೆ. ಕೈಯಿಂದ ಪುಲ್ಲಿ ತಿರುಗಿಸಿ ರಾಡನ್ನು ಅದರ ಅತಿ ಎತ್ತರಕ್ಕೆ ತಂದಾಗ, ಪ್ಯಾಕಿಂಗಿನ ಮೇಲ್ಮೈಯಿಂದ ಅದರ ತುದಿಗೆ 13 ಮಿಲಿಮೀಟರ್ ಇರಬೇಕು. ನಮ್ಮ ಅಳತೆಗೆ ಬಂದದ್ದು 14.8. ಪ್ಯಾಕಿಂಗ್ ಒಂದೂ ಇರಲಿಲ್ಲ. ಅವುಗಳ ಜಾಗದಲ್ಲಿ ಗಟ್ಟಿಯಾದ ಪೇಸ್ಟಿನ ತೆಳು ಪೊರೆ ಇತ್ತು. ಬೇಕಲೈಟ್ ತುಂಡಿನ ತಳವನ್ನು ಹಿಂದೆ ಯಾರೋ, ಆಯಿಲ್ ಜಿನುಗುವುದನ್ನು ನಿಲ್ಲಿಸಲೆಂದು, ಉಪ್ಪುಕಾಗದದ ಮೇಲೆ ತೇದು ಸಪಾಟು ಮಾಡಿದ್ದರು. ತೇದ ಗೆರೆಗಳು ಓರೆಯಾಗಿ, ಸ್ಪಷ್ಟವಾಗಿ ಕಾಣುತ್ತಿದ್ದವು. ಸುಮಾರು 4 ಮಿಲಿಮೀಟರ್ ಮಾತ್ರ ಚಲಿಸುವ ರಾಡಿಗೆ 1.8 ಮಿಲಿಮೀಟರ್ ಹೆಚ್ಚುವರಿ ಎತ್ತರ ಅಲ್ಪವೇನಲ್ಲ. ಪ್ರತಿ ಸುತ್ತಿನಲ್ಲೂ ಡಯಾಫ್ರಾಮ್ ತನ್ನ ಮಿತಿಯನ್ನು ದಾಟಿ ಬಿಲ್ಲೆಯ ಅಂಚಿಗೆ ಎಳೆದುಕೊಳ್ಳುತ್ತಿತ್ತು, ಸ್ಪ್ರಿಂಗು ಬೇಕಾದ್ದಕ್ಕಿಂತ ಹೆಚ್ಚು ಅದುಮಿ ಒತ್ತಡ ಏರುತ್ತಿತ್ತು. ಎಥನಾಲಿನಿಂದ ಮೆದುವಾದ ರಬ್ಬರು ಆ ಎಳೆತವನ್ನು ಬೇಗನೆ ಸೋತು ಒಪ್ಪಿಕೊಂಡಿರಬಹುದು, ಅಷ್ಟರ ಮಟ್ಟಿಗೆ ಅದರ ಪಾಲಿದೆ. ಹೊಸ ಡಯಾಫ್ರಾಮನ್ನಷ್ಟೇ ಹಾಕಿ ಮುಚ್ಚಿದ್ದರೆ ಅದೂ ಅದೇ ಅಂಚಿನಲ್ಲಿ ಸೀಳುತ್ತಿತ್ತು.

ರಿಪೇರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸ ಬೇಕಲೈಟ್ ತುಂಡು, ಪ್ಯಾಕಿಂಗುಗಳನ್ನು ಒಂದೊಂದಾಗಿ ಸೇರಿಸುತ್ತ 13.0ಕ್ಕೆ ತಂದ ಅಳತೆ, ಎಥನಾಲ್ ತಡೆಯುವ ರಬ್ಬರಿನ ಡಯಾಫ್ರಾಮ್, ಪಂಪಿನ ತಳಕ್ಕೆ ಹೊಸ ಗ್ರೀಸು. ಬಟ್ಟೆ ಹೆಣೆದ ಹಳೆಯ ಹೋಸುಗಳನ್ನು ಬಗ್ಗಿಸಿದರೆ ಒಳಗೆ ಬಿರುಕು ಕಾಣುತ್ತಿದ್ದುದರಿಂದ ಎಲ್ಲವನ್ನೂ ಬದಲಿಸಿ ಕ್ಲಿಪ್ಪು ಹಾಕಿದೆವು. ಎಂಜಿನ್ ಕೋಣೆಯಲ್ಲಿ ತೂಗಾಡುತ್ತಿದ್ದ ಪ್ಲಾಸ್ಟಿಕ್ ಪೆಟ್ರೋಲ್ ಫಿಲ್ಟರನ್ನು ಬಿಸಿಯಿಂದ ದೂರಕ್ಕೆ, ಟ್ಯಾಂಕಿನ ಕೆಳಗೆ ಒಯ್ದೆವು. ಪರೀಕ್ಷೆಯ ಆಯಿಲ್ಲನ್ನು ಇನ್ನೂ 100 ಕಿಲೋಮೀಟರ್ ಓಡಿಸಿ ಇಳಿಸಿ, ಕೊನೆಗೆ 20ಡಬ್ಲ್ಯೂ-40 ತುಂಬಿದೆವು. ಇಳಿಸಿದ ಆಯಿಲ್ ಪೆಟ್ರೋಲ್ ಬೆರೆತದ್ದಾದ್ದರಿಂದ ಅದನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟು, ಒಳಗೇನಿದೆ ಎಂದು ಮೇಲೆ ಬರೆದು, ಹಳೆಯ ಆಯಿಲ್ ಕೊಳ್ಳುವ ಪರವಾನಗಿ ಇದ್ದವರಿಗೇ ಕೊಟ್ಟೆ.

ಈಗ ಪೆಟ್ರೋಲ್ ಒತ್ತಡ 3 ಪಿಎಸ್‌ಐ ಆಸುಪಾಸಿನಲ್ಲಿದೆ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್ ಹೋಗಿ, ಮಾರನೆಯ ದಿನ ಸಂಪಾಜೆ ಘಾಟಿ ಇಳಿದು ಹತ್ತಿ ಬಂದಾಗಲೂ ಡಿಪ್‌ಸ್ಟಿಕ್ಕಿನ ಮಟ್ಟ ದಾರದಲ್ಲೇ ಇತ್ತು, ಪುಲ್ಲಿಯ ಸುತ್ತ ತಗಡು ಒಣಗಿತ್ತು. ಪ್ಲಗ್ಗುಗಳು ಕಾಫಿಪುಡಿಯ ಬಣ್ಣಕ್ಕೆ ತಿರುಗಿವೆ, ಲೀಟರಿಗೆ 12.5 ಕಿಲೋಮೀಟರ್ ಬರುತ್ತಿದೆ. ಕಾರ್ಬೊರೇಟರಿನ ಜೆಟ್ಟುಗಳನ್ನು ಮುಟ್ಟಲಿಲ್ಲ.

ಆಯಿಲ್ ಒತ್ತಡದ ವಿಷಯ ಮಾತ್ರ ಬೇರೆ. ಒತ್ತಡದ ಸ್ವಿಚ್ಚನ್ನು ತೆಗೆದು ಅದರ ಜಾಗದಲ್ಲಿ ಮೀಟರ್ ಸಿಕ್ಕಿಸಿ, ಡಿಪ್‌ಸ್ಟಿಕ್ಕಿನ ರಂಧ್ರದಲ್ಲಿ ಅಡುಗೆಮನೆಯ ಕಡ್ಡಿ ಥರ್ಮಾಮೀಟರ್ ಇಳಿಸಿ, ಆಯಿಲ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ನಿಮಿಷಕ್ಕೆ 2500 ಸುತ್ತಿನಲ್ಲಿ ಓದಿದೆವು. ಕನಿಷ್ಠ 2 ಬಾರ್ ಇರಬೇಕು. ಪೆಟ್ರೋಲ್ ಬೆರೆತಿದ್ದಾಗ 1.1 ಇದ್ದದ್ದು ಈಗ 1.8ಕ್ಕೆ ಬಂದಿದೆ, ಮೇಲಕ್ಕೆ ಹೋಗುತ್ತಿಲ್ಲ. “ಆ ಸಂಜೆ ನೀವು ಓಡಿಸ್ಕೊಂಡು ಬಂದ್ರಲ್ಲ ಮೇಷ್ಟ್ರೇ, ಅದರದ್ದೂ ಸ್ವಲ್ಪ ಇದೆ ಇದ್ರಲ್ಲಿ” ಎಂದು ಭಾಯ್ ಮುಳ್ಳನ್ನು ನೋಡುತ್ತಲೇ ಹೇಳಿದರು. ಬಿಸಿಲಿಗೆ ಹಿಡಿದಾಗ ಬೆರಳ ಮೇಲೆ ಕಂಡ ಮಿನುಗು ಬೇರಿಂಗುಗಳದ್ದೇ ಇರಬೇಕು. ಮಳೆಗಾಲದಲ್ಲಿ ಎಂಜಿನ್ ಇಳಿಸಿ, ಕೇಸ್ ಬಿಚ್ಚಿ ಬೇರಿಂಗುಗಳನ್ನು ಅಳೆಯುವುದೆಂದು ಮಾತಾಗಿದೆ. ಅಲ್ಲಿಯವರೆಗೆ ಮೀಟರನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದೇನೆ, ಘಾಟಿಯ ಕಡೆಗೆ ಕಾರನ್ನು ತಿರುಗಿಸುತ್ತಿಲ್ಲ.